ಹಾಲಸಿದ್ದಪ್ಪನವರ ಸೂಜಿ

ಕುರುಗೋಡಿನ ಗುಡ್ಡದ ಬುಡದಲ್ಲಿ, ನನ್ನ ಶೇಂಗಾ ಗೋದಾಮಿನ ಮಗ್ಗುಲಿಗೇ ಭೂಕಂಪ ಅಳೆಯುವ ಯಂತ್ರದ ಕೋಣೆಯಿದೆ. ಅದನ್ನು ನೋಡಿಕೊಳ್ಳುವವರು ಹಾಲಸಿದ್ದಪ್ಪನವರು. ಕೂಸು ಮಲಗಿಸಿದ ತಾಯಿಯಂತೆ ತುದಿಗಾಲಲ್ಲಿ ನಡೆಯುತ್ತಾರೆ, ಕೆಮ್ಮು ಬಂದರೆ ರಸ್ತೆ ದಾಟಿ ಹೋಗಿ ಕೆಮ್ಮುತ್ತಾರೆ. ನಮ್ಮ ಹಮಾಲರು ಮೂಟೆ ಎತ್ತಿ ಒಗೆದರೆ ಸಾಕು, ಓಡಿಬರುತ್ತಾರೆ: "ಸಾವಕಾರ್ರ, ಮೆಲ್ಲಕ ಇಳಸಾಕ ಹೇಳ್ರಿ, ನನ್ನ ಸೂಜಿ ಕುಣೀತೈತಿ!" "ಈ ಗುಡ್ಡ ನಡುಗೂದು ಯಾವಾಗ್ರಿ? ಸರಕಾರದ ಪಗಾರ ದಂಡ" ಎಂದು ನಾನು ಕೆಣಕಿದರೆ, "ಇದು ಸುಮ್ಮನ ಐತಿ ಅಂತನ ದೂರದ್ದು ಕೇಳಸ್ತೈತ್ರಿ" ಎನ್ನುತ್ತಾರೆ. ಮಗಳನ್ನು ಕೊಯ್ನಾ ಅಣೆಕಟ್ಟಿನ ಕಡೆ ಕೊಟ್ಟಿದ್ದಾರೆ. ಅರವತ್ತೇಳರ ಡಿಸೆಂಬರಿನ ಒಂದು ಬೆಳಿಗ್ಗೆ ಅವರು ಚಪ್ಪಲಿ ಸಪ್ಪಳ ಮಾಡುತ್ತಲೇ ಬಂದು ನನ್ನ ಫೋನಿನ ಮುಂದೆ ಕುಳಿತರು. "ದೊಡ್ಡದು ಆಗೇತ್ರಿ. ಇನ್ನೂರೈವತ್ತು ಮೈಲಿ ದೂರ ಅಂತ ಸೂಜಿ ಹೇಳೇತಿ. ಯಾವ ದಿಕ್ಕು ಅನ್ನೂದು ಒಂದು ಸೂಜಿಗೆ ತಿಳಿಯಂಗಿಲ್ಲ, ಇನ್ನೆರಡು ಊರಿನ ಸೂಜಿಯವರು ಫೋನ್ ಮಾಡಿ ಹೇಳಬೇಕು." ಕೊಯ್ನಾ ಕೂಡ ಅಷ್ಟೇ ದೂರ. ಫೋನು ಬಾಯಿ ಬಿಡಲಿಲ್ಲ. ನೆಲ ಮತ್ತೆ ನಡುಗಬಹುದೆಂದು ಅವರು ಎದ್ದು ಸೂಜಿಯ ಬಳಿಗೆ ಹೋದರು. ಫೋನಿನ ಮುಂದೆ ನಾನು ಕುಳಿತೆ. ಅಷ್ಟರಲ್ಲಿ ಲಾರಿ ಬಂತು. "ಮೆಲ್ಲಕ ಇಳಸ್ರಲೇ" ಎಂದು ಕೂತಲ್ಲಿಂದಲೇ ಹಮಾಲರನ್ನು ಗದರಿದವನು ನಾನೇ.