ರೊಟ್ಟಿ ಬಣ್ಣದ ಮೂವತ್ತು ಡಬ್ಬಿಗಳು

ಕೇಳಿದ ಬೆಲೆಯನ್ನು ಮರುಮಾತಿಲ್ಲದೆ ಒಪ್ಪುವ ಗಿರಾಕಿಯನ್ನು ನಾನು ನಂಬುವುದಿಲ್ಲ. ಒಪ್ಪಿದನೆಂದರೆ ಎರಡರಲ್ಲಿ ಒಂದು: ನಾನು ಕಡಿಮೆ ಕೇಳಿದ್ದೇನೆ, ಇಲ್ಲವೆ ನನಗೆ ಗೊತ್ತಿಲ್ಲದ್ದೇನೋ ಅವನಿಗೆ ಗೊತ್ತಿದೆ. ಧಾರವಾಡದ ಆ ಮನುಷ್ಯ ಮೂವತ್ತು ಬೋಳು ಡಬ್ಬಿಗಳನ್ನು ಚೀಲದಲ್ಲಿ ತುಂಬಿಕೊಂಡು ನನ್ನ ಶೆಡ್ಡಿಗೆ ಬಂದ ದಿನ ಎರಡೂ ನಿಜವಾಗಿದ್ದವು.

ನನ್ನದು ಪೌಡರ್ ಕೋಟಿಂಗ್ ಕೆಲಸ. ಮರಾಠಿ ಮಾತಿನ ಊರಲ್ಲಿ, ಸ್ವಾರಗೇಟ್ ಬಸ್ ನಿಲ್ದಾಣದಿಂದ ದಕ್ಷಿಣಕ್ಕೆ, ಧಾಯರಿಯ ಕಡೆ, ಒಂದು ತಗಡಿನ ಶೆಡ್ಡು. ಲೋಹದ ಸಾಮಾನಿನ ಮೇಲೆ ಒಣ ಬಣ್ಣದ ಪುಡಿಯನ್ನು ಗನ್ನಿನಿಂದ ಊದಿ ಭಟ್ಟಿಯಲ್ಲಿ ಬೇಯಿಸಿದರೆ ಪುಡಿ ಕರಗಿ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ಕಿಟಕಿಯ ಸರಳು, ಸೈಕಲ್ಲಿನ ಫ್ರೇಮು, ಆಸ್ಪತ್ರೆಯ ಮಂಚ, ಏನು ಬಂದರೂ ಸರಿ. ಬೆಳಗಾವಿಯಿಂದ ಬಂದ ಹೊಸದರಲ್ಲಿ ನಾನು ಇಂಥದೇ ಒಂದು ಶೆಡ್ಡಿನಲ್ಲಿ ಪುಡಿ ಗುಡಿಸುತ್ತಿದ್ದೆ. ಗುಡಿಸುವವನು ಮಾಲೀಕನಾದದ್ದು ಎರಡು ವಿದ್ಯೆಗಳಿಂದ. ಕೊಳ್ಳುವಾಗ ನಾಚಿಕೆಯಿಲ್ಲದೆ ಚೌಕಾಶಿ, ಮಾರುವಾಗ ಯಾರಿಗೂ 'ಇಲ್ಲ' ಅನ್ನದಿರುವುದು. ಕಸುಬು ಶುರು ಮಾಡುವವರಿಗೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಗಿರಾಕಿ ಆನೆ ಕೇಳಿದರೂ 'ನಾಳೆ ಬರ್ರಿ' ಅನ್ನಿ. ಆನೆ ಎಲ್ಲಿ ಸಿಗುತ್ತದೆಂದು ಆಮೇಲೆ ಹುಡುಕಿದರಾಯಿತು.

ಆ ಧಾರವಾಡದವನು ಮಾಡುವುದು ಪೆಡಲ್. ಗಿಟಾರ್ ನುಡಿಸುವವರು ನಡುನಡುವೆ ಕಾಲಿನಿಂದ ಒತ್ತುವ, ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ. ಒತ್ತಿದರೆ ತಂತಿಯ ದನಿ ಸಿಡಿಯುತ್ತದೆ, ಇಲ್ಲವೆ ಬಾವಿಯೊಳಗಿಂದ ಬಂದ ಹಾಗೆ ಗುಂಯ್ಗುಡುತ್ತದೆ. ಒಳಗಿನ ಬೆಸುಗೆಯನ್ನೆಲ್ಲ ಅವನು ಇದೇ ಊರಲ್ಲಿ ಮಾಡಿಕೊಂಡ ಮನೆಯ ಒಂದು ಕೋಣೆಯಲ್ಲಿ ಕೂತು ಕೈಯಾರೆ ಮಾಡುತ್ತಾನೆ. ನಾನು ರೇಟು ಹೇಳಿದೆ. "ಆತ್ರಿ ಅಣ್ಣಾರ" ಅಂದ. ಅಷ್ಟೇ. ಇಳಿಸಲೆಂದೇ ಏರಿಸಿ ಹೇಳಿದ ಬೆಲೆ ಹಾಗೇ ನಿಂತುಬಿಟ್ಟಿತು. ಆವತ್ತು ಊಟ ಸರಿಯಾಗಿ ಇಳಿಯಲಿಲ್ಲ.

ಅವನು ಕೇಳಿದ್ದು ಬೆಣ್ಣೆ ಬಿಳಿ. ಆದರೆ ಆ ವಾರ ಕೆಲಸ ಒತ್ತಿಕೊಂಡು ಬಂದಿತ್ತು. ಉಳಿದ ಪುಡಿಯನ್ನು ಕೂಡಿಡುವ ಬಕೆಟ್ಟಿನಲ್ಲಿ ಬಿಳಿ ಪುಡಿ ಬೇಕಾದಷ್ಟಿತ್ತು. ಹೊಸ ಪೆಟ್ಟಿಗೆ ಯಾಕೆ ಒಡೆಯಬೇಕೆಂದು ಅದನ್ನೇ ಊದಿಸಿದೆ. ಅದರಲ್ಲಿ ಯಾವಾಗಲೋ ಕಂದು, ಕರಿ, ಚೂರು ಇಟ್ಟಿಗೆ ಕೆಂಪು ಬೆರೆತಿದ್ದವು. ಒಣ ಪುಡಿ ನೀರು ಬಣ್ಣದಂತೆ ಕಲೆತು ಒಂದಾಗುವುದಿಲ್ಲ, ಚುಕ್ಕೆ ಚುಕ್ಕೆಯಾಗಿಯೇ ಬೇಯುತ್ತದೆ. ಭಟ್ಟಿ ತೆಗೆದು ನೋಡಿದರೆ ಮೂವತ್ತೂ ಡಬ್ಬಿಗಳ ಮೇಲೆ ಹಂಚಿನ ಮೇಲೆ ಸುಟ್ಟ ಜೋಳದ ರೊಟ್ಟಿಯ ಹಾಗೆ ಕಲೆಗಳು. ಅವನು ಒಯ್ಯಲು ಬಂದಾಗ, ಬಣ್ಣ ಕೆರೆದು ಮತ್ತೆ ಮಾಡಿಕೊಡುತ್ತೇನೆ, ಕಾಸು ಬೇಡ ಅನ್ನಲು ಬಾಯಿ ತೆರೆದಿದ್ದೆ. ಅವನು ಒಂದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಇದು ಮತ್ತ ಹಿಂಗ ಬರ್ತದೇನ್ರಿ?"

"ತಾನ ಬೆರತದ್ದು, ತಮ್ಮಾ. ಬೇಕಂತ ಮಾಡಾಕ ಆಗೂದಿಲ್ಲ."

"ಹಂಗಾದ್ರ ಹಿಂಗ ಇರ್ಲಿ ಬಿಡ್ರಿ."

ನನ್ನ ತಪ್ಪನ್ನು ಎತ್ತಿಕೊಂಡು, ಪೂರ್ತಿ ರೊಕ್ಕ ಕೊಟ್ಟು ಹೋದ. ಬಕೆಟ್ಟಿನ ತಳದಲ್ಲಿ ಕಿಲೋದಷ್ಟು ಪುಡಿ ಉಳಿದಿತ್ತು. ಮುಚ್ಚಳ ಹಾಕಿ ಇಟ್ಟೆ. ಯಾವುದನ್ನೂ ಚೆಲ್ಲಬೇಡಿ, ಇದು ನನ್ನ ಇನ್ನೊಂದು ಬುದ್ಧಿಮಾತು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಆ ಕಡೆ ಹೋಗಿದ್ದವನು ಅವನ ಮನೆಗೆ ಹೊಕ್ಕೆ. ಮೇಜಿನ ಮೇಲೆ ಫೋನು, ಪಕ್ಕದಲ್ಲಿ ಉಪ್ಪಿಟ್ಟಿನ ತಾಟು. ಹನ್ನೊಂದಕ್ಕೆ ಮಾರಾಟ ಶುರು ಅಂದ. ರೊಟ್ಟಿ ಬಣ್ಣದವು ಮೂವತ್ತೇ ಇವೆ, ಮತ್ತೆ ಮಾಡುವುದಿಲ್ಲ ಎಂದು ವಾರದ ಮುಂಚೆ ಇಂಟರ್ನೆಟ್ಟಿನಲ್ಲಿ ಫೋಟೋ ಹಾಕಿ ತಿಳಿಸಿದ್ದನಂತೆ. ಅಂಗಡಿ ಎಲ್ಲಿ, ಗಿರಾಕಿ ಎಲ್ಲಿ ಎಂದು ನಾನು ಸುತ್ತ ನೋಡಿದೆ. ಹನ್ನೊಂದು ಹೊಡೆಯಿತು. ಅವನು ಫೋನಿನ ಮೇಲೆ ಒಂದು ಸಲ ಬೆರಳೊತ್ತಿ, ಉಪ್ಪಿಟ್ಟಿಗೆ ಕೈ ಹಾಕಿದ. ಫೋನು ಟಿಣ್ ಟಿಣ್ ಅನ್ನತೊಡಗಿತು. ಅವನ ಹೆಂಡತಿ ಒಳಗಿನಿಂದ ಚಹಾ ತಂದಳು.

"ಆತೇನ್ರಿ?"

"ಆತು. ನಾಕ ಮಿನಿಟ."

ಅಷ್ಟರಲ್ಲಿ ಮೂವತ್ತೂ ಹೋಗಿದ್ದವು. ಒಂದರ ಬೆಲೆ ಕೇಳಿದೆ. ಮೂವತ್ತಕ್ಕೂ ಸೇರಿ ನಾನು ಪಡೆದದ್ದು ಅದರ ಅರ್ಧವೂ ಆಗುತ್ತಿರಲಿಲ್ಲ. ನನ್ನನ್ನು ಚುಚ್ಚಿದ್ದು ಅದೂ ಅಲ್ಲ. ಒಬ್ಬನೂ 'ಸ್ವಲ್ಪ ನೋಡಿ ಹೇಳ್ರಿ' ಅಂದಿರಲಿಲ್ಲ. ಸಿಗದವರು ಗೋಗರೆಯುತ್ತಿದ್ದರು. ಒಂದೇ ಒಂದು ಇದೆಯಾ, ಗೀರು ಬಿದ್ದದ್ದಾದರೂ ಸರಿ, ಹೆಚ್ಚಿಗೆ ಕೊಡುತ್ತೇನೆ. ಅವನು ಎಡಗೈಯಲ್ಲಿ ಎಲ್ಲರಿಗೂ ಒಂದೇ ಉತ್ತರ ಬರೆಯುತ್ತಿದ್ದ: ಮುಗಿದಿವೆ, ಕ್ಷಮಿಸಿ.

ಮುಗಿದಿವೆ! ಆ ಶಬ್ದ ಕೇಳಿ ನನ್ನ ಹೊಟ್ಟೆಯಲ್ಲಿ ಭಟ್ಟಿ ಹೊತ್ತಿತು. ಇಷ್ಟು ವರ್ಷ ಕಿಟಕಿಯ ಸರಳಿನವನಿಗೂ ಮಂಚದವನಿಗೂ ಹಲ್ಲು ಕಿರಿದು, ಚಹಾ ತರಿಸಿ, 'ನಿಮಗಂತ ಇಷ್ಟಕ್ಕ ಮಾಡೀನ್ರಿ' ಅಂದವನು ನಾನು. ನನಗಿಂತ ಹದಿನೈದು ವರ್ಷ ಚಿಕ್ಕವನು, ಅಡ್ಡಪಂಚೆಯಲ್ಲಿ ಕೂತು, ರೊಕ್ಕ ಹಿಡಿದು ನಿಂತವರನ್ನು ವಾಪಸ್ಸು ಕಳಿಸುತ್ತಿದ್ದ. ಅದೂ ನನ್ನ ಕಲೆಯ ಬಣ್ಣದಿಂದ.

ಆದರೂ ಒಳ್ಳೆಯ ಸಲಹೆ ಕೊಡದೆ ನನಗೆ ಇರಲಾಗುವುದಿಲ್ಲ.

"ತಮ್ಮಾ, ಆ ಪುಡಿ ಇನ್ನೂ ಕಿಲೋ ಉಳದದ. ಇನ್ನೈವತ್ತು ಡಬ್ಬಿ ತಾ. ಬಿಸಿ ಇದ್ದಾಗ ಬಡೀಬೇಕು."

ಅವನು ತಲೆಯೆತ್ತಿ ನೋಡಿದ. "ಮೂವತ್ತು ಅಂತ ಹೇಳೇನಲ್ರಿ."

"ಯಾರ ಬಂದು ಎಣಸ್ತಾರ?"

"ನಾ ಎಣಿಸೇನಲ್ಲ," ಅಂದು ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ಅಣ್ಣಾರ, ಆ ಪುಡಿ ಬ್ಯಾರೆಯವರ ಕೈಗೆ ಹೋತಂದ್ರ ನನ್ನ ಮಾತಿಗೆ ಕಿಮ್ಮತ್ತ ಉಳಿಯೂದಿಲ್ಲ. ಮುಂದ ಒಬ್ಬನೂ ನನ್ನ ನಂಬಾಂಗಿಲ್ಲ. ಅಷ್ಟ ನೋಡ್ಕೋರಿ."

ತಲೆಯಾಡಿಸಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ನಿಮಗೊಂದು ಡಬ್ಬಿ ಕೊಟ್ಟನೇನ್ರಿ?" ಅಂದಳು. ಇಲ್ಲ ಅಂದೆ. "ಬಣ್ಣ ನಿಮ್ದು, ಚಹಾ ಅವರದು. ಛಲೋ ವ್ಯಾಪಾರ," ಅಂದಳು. ನಮ್ಮ ಮನೆಯಲ್ಲಿ ಉರಿಗೆ ಎಣ್ಣೆ ಎಲ್ಲಿ ಹೊಯ್ಯಬೇಕೆಂದು ಗೊತ್ತಿರುವುದು ಅವಳಿಗೇ.

ಹತ್ತು ದಿನವೂ ಆಗಿರಲಿಲ್ಲ, ಲೋಣಾವಳಾದಿಂದ ಒಬ್ಬ ಬಂದ. ಅಲ್ಲಿ ಅವನದೊಂದು ಸಣ್ಣ ಹೋಟೆಲ್ಲಿತ್ತು. ಮಳೆಗಾಲಕ್ಕೆ ಬರುವ ಪ್ರವಾಸಿಗರಿಗೆ ಸಂಜೆ ತಾನೇ ಗಿಟಾರ್ ನುಡಿಸುವವನು. ಪೆಡಲ್ ಸಿಗದೆ ಉರಿದುಕೊಂಡು, ಮಾರಾಟದ ಫೋಟೋ ಒಂದರಲ್ಲಿ ಡಬ್ಬಿಯ ಹಿಂದೆ ನನ್ನ ಶೆಡ್ಡಿನ ಹೆಸರಿನ ಹಲಗೆ ಕಂಡು ಹುಡುಕಿಕೊಂಡು ಬಂದಿದ್ದ. ಮೊದಲು ಮರಾಠಿಯಲ್ಲಿ ಶುರು ಮಾಡಿದ. ನಾನು ಫೋನಿನಲ್ಲಿ ಹೆಂಡತಿಗೆ ಉತ್ತರಿಸಿದ್ದು ಕೇಳಿ ತಟ್ಟನೆ ಭಾಷೆ ಬದಲಿಸಿದ.

"ಬೆಳಗಾವಿ ಕಡೆಯವರೇನ್ರಿ? ನಮ್ಮವ್ವ ಖಾನಾಪುರದಾಕಿ!"

ಅವ್ವನ ಊರನ್ನು ಎತ್ತಿದವನಿಗೆ ಕೆಲಸ ಅವಸರದ್ದಿದೆ ಎಂದೇ ಅರ್ಥ. ಬೆಲೆ ಏರಿಸಬಹುದು. ಇದನ್ನು ಬರೆದಿಟ್ಟುಕೊಳ್ಳಿ.

ಅವನು ಚೀಲದಿಂದ ಎಂಟು ಬೋಳು ಡಬ್ಬಿ ತೆಗೆದಿಟ್ಟ. "ಆ ರೊಟ್ಟಿ ಬಣ್ಣ ಇವಕ್ಕ ಬೇಕು. ಒಂದು ನನಗ. ಉಳಿದ ಏಳು, ಸಿಗದವರು ನನ್ನಂಗ ಭಾಳ ಮಂದಿ ಅದಾರ."

"ಒಳಗ?"

"ಒಳಗ ನಂದ ಸರ್ಕೀಟು. ಮುಚ್ಚಿದ ಮ್ಯಾಲ ಯಾರ ನೋಡ್ತಾರ್ರಿ?"

ಬಕೆಟ್ಟು ನನ್ನ ಕಾಲ ಬಳಿಯೇ ಇತ್ತು. ದಿನಾಲು ಕೇಳುವ ರೇಟಿನ ಐದು ಪಟ್ಟು ಹೇಳಿದೆ. ಹೇಳಿದ ಮೇಲೆ ಮೂರು ಉಸಿರು ಸುಮ್ಮನಿರಬೇಕು, ಮೊದಲು ಮಾತಾಡಿದವನು ಸೋತ. ಅವನು ಮಾತಾಡಿದ: "ಆತ್ರಿ." ಪುಡಿ ಸ್ವಲ್ಪವೇ ಇದೆ ಎಂದು ಹತ್ತು ಪಟ್ಟು ಮಾಡಿದೆ. "ಆತ್ರಿ." ಅವಸರದ ಕೆಲಸ ಎಂದು ಹದಿನೈದಕ್ಕೆ ಒಯ್ದೆ. ಅವನು ಕೈ ಜೇಬಿಗೆ ಹಾಕಿ, "ಹೇಳ್ರಿ, ಈಗ ಕೊಡ್ಲಾ?" ಅಂದ.

ಅವನ ಮುಖ ನೋಡಿದೆ. ಭಾನುವಾರದ ಆ ಫೋನಿನಲ್ಲಿ ಗೋಗರೆಯುತ್ತಿದ್ದವರಿಗೆ ಮುಖವಿದ್ದರೆ ಹೀಗೇ ಇರುತ್ತಿತ್ತು. ಇಷ್ಟು ವರ್ಷದಲ್ಲಿ ಮೊದಲ ಸಲ ಒಬ್ಬ ನನ್ನ ಎದುರು ಈ ಮುಖ ಹೊತ್ತು ನಿಂತಿದ್ದ. ಧಾರವಾಡದವನು ಉಪ್ಪಿಟ್ಟು ತಿನ್ನುತ್ತ ಉಂಡ ಆ ರುಚಿ ನನಗೂ ಬೇಕಾಯಿತು. ಅವನ ಮಾತು ಉಳಿಸಬೇಕೆಂಬ ದೊಡ್ಡ ವಿಚಾರವೇನೂ ಆಗ ನನ್ನ ತಲೆಯಲ್ಲಿರಲಿಲ್ಲ.

"ಮುಗದದ," ಅಂದೆ.

"ಏನ್ ಮುಗದದ? ಈಗರೆ ರೇಟ ಹೇಳಿದ್ರಿ!"

"ಪುಡಿ ಮುಗದದ."

"ಮತ್ತ ಆ ಬಕೆಟ್ನಾಗೇನದ?"

ನಾನು ಮುಚ್ಚಳದ ಮೇಲೆ ಕೂತುಬಿಟ್ಟೆ. "ಇದು ಬ್ಯಾರೆ."

ಅವನು ಬೇಡಿದ. ಅವ್ವನ ಆಣೆ ಹಾಕಿದ. ಇಪ್ಪತ್ತು ಪಟ್ಟು ಅಂದ. ನಾನು ಬಕೆಟ್ಟಿನ ಮೇಲಿಂದ ಏಳದೆ, "ಕ್ಷಮಿಸ್ರಿ" ಅಂದೆ. ಕೊನೆಗೆ ಖಾನಾಪುರದ ಕನ್ನಡ ಬಿಟ್ಟು ಮರಾಠಿಯಲ್ಲೇ ನನ್ನ ವಂಶವನ್ನು ಜಾಲಾಡಿ ಹೊರಟ. ಆಹಾ, ಏನು ರುಚಿ! ಅವನ ಗಾಡಿ ತಿರುವು ದಾಟುವವರೆಗೆ ಅದು ನಾಲಿಗೆಯ ಮೇಲಿತ್ತು. ದಾಟಿದ ಮೇಲೆ ಆ ಇಪ್ಪತ್ತು ಪಟ್ಟು ನೆನಪಾಯಿತು. ಮೊದಲು ಒಂದೇ ಉರಿ ಇತ್ತು, ಈಗ ಎರಡಾದವು.

ಹೊಗಳಿಕೆಯಾದರೂ ಸಿಗಲೆಂದು ಸಂಜೆ ಧಾರವಾಡದವನ ಮನೆಗೆ ಹೋದೆ. ಡಬ್ಬಿ, ಬೆಲೆ, ಬಕೆಟ್ಟು, ಎಲ್ಲವನ್ನೂ ಅಭಿನಯಿಸಿ ಹೇಳಿದೆ. ಅವನು ಬೆಸುಗೆಯಿಂದ ಕಣ್ಣೆತ್ತದೆ, "ಛಲೋ ಆತ ಬಿಡ್ರಿ" ಅಂದ. ತಂತಿ ಬೆಸೆಯುತ್ತಲೇ ಕೇಳಿದ: "ಪುಡಿ ಇನ್ನೂ ಅದ ಏನ್ರಿ?"

ಅವನು ಕೇಳಿದ್ದು ಅಷ್ಟೇ. ದಾರಿಯುದ್ದಕ್ಕೂ ಅದು ಕೊರೆಯಿತು. ನಾನು 'ಮುಗದದ' ಅಂದದ್ದು ಬಕೆಟ್ಟಿನ ಮೇಲೆ ಕೂತು. ನನ್ನ ಅಂಗಡಿಯಲ್ಲಿ ಯಾವಾಗಲೂ ಒಳಗೆ ಇನ್ನೊಂದು ಇರುತ್ತದೆ, ಅದು ಗೊತ್ತಿರುವುದರಿಂದಲೇ ಎಲ್ಲರೂ ನನ್ನೊಡನೆ ಚೌಕಾಶಿ ಮಾಡುತ್ತಾರೆ. ಅವನ ಒಳಗೆ ಇನ್ನೊಂದು ಇಲ್ಲ. ಇದೂ ಒಂದು ಬಂಡವಾಳ, ಚೌಕಾಶಿಯಿಂದ ಸಿಗುವಂಥದ್ದಲ್ಲ.

ಮರುದಿನ ಗಿರಾಕಿಗಳು ಕೂರುವ ಕಬ್ಬಿಣದ ಬೆಂಚನ್ನು ಉಜ್ಜಿ, ಬಕೆಟ್ಟು ಬೋರಲು ಹಾಕಿ, ಇದ್ದಷ್ಟೂ ಪುಡಿಯನ್ನು ಮೇಲೆ ಕೆಳಗೆ ಎರಡೆರಡು ಸಲ ಊದಿ ಬೇಯಿಸಿದೆ. ಒಂದು ಬೆಂಚಿಗೆ ಅಷ್ಟು ಪುಡಿ ಯಾರೂ ಹಾಕುವುದಿಲ್ಲ. ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದಿನ ಸಲ ಅವನು ನಲವತ್ತು ಡಬ್ಬಿ ತಂದ, ಈ ಸಲ ಬರೀ ಕಪ್ಪು. ಬೆಂಚಿನ ಮೇಲೆ ಕೂತವನು ಎದ್ದು, ಬಗ್ಗಿ, ಕಲೆಗಳ ಮೇಲೆ ಕೈಯಾಡಿಸಿದ. ಪುಡಿ ಖಾಲಿಯಾದ ಬಕೆಟ್ಟಿನಲ್ಲಿ ಈಗ ನೀರಿತ್ತು. ಅದನ್ನೂ ನೋಡಿದ.

"ಇಂಥವು ಎಷ್ಟು ಮಾಡೀರಿ, ಅಣ್ಣಾರ?"

"ಒಂದ."

"ಹೌದ್ರಿ," ಅಂದ, ಮತ್ತೆ ಕೂತ. ರೇಟು ಕೇಳಿದ. ಈ ಸಲ ಸರಿಯಾದ ರೇಟನ್ನೇ ಹೇಳಿದೆ, ಇಳಿಸಲೆಂದು ಏರಿಸಲಿಲ್ಲ. "ಆತ್ರಿ" ಅಂದ.

ಆ ಕಪ್ಪು ಡಬ್ಬಿಗಳ ಮಾರಾಟದ ಭಾನುವಾರ ಹನ್ನೊಂದಕ್ಕೆ ಐದು ನಿಮಿಷವಿರುವಾಗ ನಾನು ಅದೇ ಬೆಂಚಿನ ಮೇಲೆ ಕನ್ನಡಕ ಹಾಕಿಕೊಂಡು ಫೋನು ಹಿಡಿದು ಕೂತಿದ್ದೆ. ನನಗೆ ಗಿಟಾರ್ ಬರುವುದಿಲ್ಲ. ಆದರೂ ಒಂದು ಬೇಕಿತ್ತು, ಚೌಕಾಶಿಯಿಲ್ಲದೆ, ಹೇಳಿದ ಬೆಲೆಗೆ. ಹನ್ನೊಂದಕ್ಕೆ ಒತ್ತಿದೆ. ಹೆಸರು ಕೇಳಿತು, ಬರೆದೆ. ವಿಳಾಸ ಕೇಳಿತು, ಬರೆದೆ. ಬ್ಯಾಂಕಿನಿಂದ ಬಂದ ನಂಬರ್ ಹಾಕುವಷ್ಟರಲ್ಲಿ ಪರದೆಯ ಮೇಲೆ ಮುಗಿದಿದೆ ಎಂದು ಬಂತು.

ಫೋನು ಹಚ್ಚಿದೆ. "ತಮ್ಮಾ, ನನಗಂತ ಒಳಗ ಒಂದು ಇಟ್ಟಿರ್ಬೇಕಲ್ಲ?"

"ಇಲ್ರಿ ಅಣ್ಣಾರ. ಮುಗದಾವು."

ಸುಳ್ಳಿರಬಹುದೆಂದು ಅನುಮಾನಿಸುವ ಸುಖವೂ ನನಗಿರಲಿಲ್ಲ. ಮಾರಾಟಕ್ಕೆ ನಲವತ್ತು ಎಂದು ಹಾಕಿದ್ದ. ಆ ನಲವತ್ತನ್ನೂ ಬೇಯಿಸಿ, ಎಣಿಸಿ ಕೊಟ್ಟವನು ನಾನೇ.