ಮಳೆ ಬಂದರೆ ಅತ್ತೆ ಮನೆಯಲ್ಲಿ ಇರುತ್ತಿರಲಿಲ್ಲ

ಇವತ್ತು ಬೆಳಿಗ್ಗೆ ಮುಂಬಾಗಿಲಿಗೆ ಅಗಸೆ ಎಣ್ಣೆ ತಿಕ್ಕಿದೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಡುವ ಕೆಲಸ. ಹಳೆಯ ಧೋತರದ ತುಂಡನ್ನು ಎಣ್ಣೆಯಲ್ಲಿ ಅದ್ದಿ, ಮರದ ಗೆರೆಗಳ ಗುಂಟ ಕೈಯಾಡಿಸುತ್ತ ಹೋದರೆ ಸಾಗವಾನಿ ಸ್ನಾನ ಮಾಡಿ ಬಂದ ಹಿರಿಯರ ಹಾಗೆ ಹೊಳೆಯುತ್ತದೆ. ಆದರೆ ಆ ವಾಸನೆ ಕೈ ಬಿಟ್ಟು ಬೇಗ ಹೋಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಕೂತ ನಮ್ಮವರು ರೊಟ್ಟಿ ಮುರಿದು ಮೂಗಿನ ಹತ್ತಿರ ಹಿಡಿದು, "ಇದು ಜ್ವಾಳದ್ದೋ ಬಾಗಲದ್ದೋ?" ಎಂದು ಕೇಳಿದರು. ಇದನ್ನೂ ಅವರು ಪ್ರತಿ ವರ್ಷ ಕೇಳುತ್ತಾರೆ.

ಈಗೀಗ ನಮ್ಮ ಮನೆ ನೋಡಲು ಜನ ಬರುತ್ತಾರೆ. ಗೋಡೆಯ ಫೋಟೋ ತೆಗೆದುಕೊಳ್ಳುತ್ತಾರೆ, ಬೇಸಿಗೆಯಲ್ಲೂ ಎಷ್ಟು ತಂಪು ಎಂದು ಬೆರಗಾಗುತ್ತಾರೆ, ಪರಿಸರಸ್ನೇಹಿ ಮನೆ ಎನ್ನುತ್ತಾರೆ. ಕಟ್ಟುವಾಗ ನಮಗೆ ಆ ಶಬ್ದವೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಹಣಕ್ಕೆ ಸ್ಲ್ಯಾಬಿನ ಮನೆ ಅರ್ಧಕ್ಕೇ ನಿಲ್ಲುತ್ತಿತ್ತು. ಪೂರ್ತಿಯಾಗುವ ಮನೆ ಬೇಕೆಂದರೆ ಮಣ್ಣಿಗೆ ಶರಣಾಗಬೇಕಿತ್ತು, ಅಷ್ಟೇ. ಬಂದವರು ಹೊಗಳಿದಾಗ ನಾನು ಸುಮ್ಮನೆ ನಗುತ್ತೇನೆ. ಈ ಮನೆಯ ನಿಜವಾದ ಕಥೆ ನನ್ನ ಅತ್ತೆಯದು. ಅದನ್ನು ಚಹಾ ಕುಡಿಯುವಷ್ಟರಲ್ಲಿ ಹೇಳಲಾಗುವುದಿಲ್ಲ. ನೀವು ಓದುತ್ತ ಕೂತಿದ್ದೀರಿ, ಅವಸರವಿಲ್ಲ ಎಂದುಕೊಂಡು ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಗೋಕಾಕದ ಪೇಟೆಯ ಒಂದು ಓಣಿಯಲ್ಲಿ ತಗಡಿನ ಮಾಡಿನ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು; ನಾನು ದಿನಾ ಬಸ್ಸು ಹಿಡಿದು ಅರಭಾವಿಗೆ ಹೋಗಿ ಕನ್ನಡ ಕಲಿಸುತ್ತಿದ್ದೆ. ಮನೆಯಲ್ಲಿ ಮೂರನೆಯವರು ಅತ್ತೆ ಗಂಗವ್ವ. ತೆಳ್ಳನೆಯ ಮೈ, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಏಪ್ರಿಲ್ ತಿಂಗಳಲ್ಲಿ ಆ ತಗಡಿನ ಕೆಳಗೆ ನಾವು ಮೂವರೂ ಹೆಂಚಿನ ಮೇಲಿನ ರೊಟ್ಟಿಗಳ ಹಾಗೆ ಮಗ್ಗುಲು ಬದಲಿಸುತ್ತ ಮಲಗುತ್ತಿದ್ದೆವು.

ಊರಂಚಿಗೆ, ಗುಡ್ಡದ ಕಡೆ, ಒಂದು ಸೈಟು ಕೊಂಡಿದ್ದೆವು. ಆ ಬೇಸಿಗೆಯ ರಜೆಯಲ್ಲಿ ನಮ್ಮವರು ಧಾರವಾಡಕ್ಕೆ ಯಾವುದೋ ಶಿಬಿರಕ್ಕೆ ಹೋದವರು ಬೇರೆಯೇ ಮನುಷ್ಯರಾಗಿ ತಿರುಗಿ ಬಂದರು. ಅಲ್ಲಿ ಅವರು ಮಣ್ಣಿಗೆ ಒಂದಿಷ್ಟು ಸಿಮೆಂಟು ಬೆರೆಸಿ, ಕಬ್ಬಿಣದ ಅಚ್ಚಿನಲ್ಲಿ ತುಂಬಿ, ಉದ್ದನೆಯ ಹಿಡಿಕೆ ಜಗ್ಗಿ ಒತ್ತಿ ತೆಗೆಯುವ ಇಟ್ಟಿಗೆ ನೋಡಿದ್ದರು. ಅದನ್ನು ಭಟ್ಟಿಯಲ್ಲಿ ಸುಡಬೇಕಿಲ್ಲ, ಕಟ್ಟಿಗೆ ಬೇಡ, ಹೊಗೆ ಇಲ್ಲ. ನೆರಳಲ್ಲಿಟ್ಟು ನೀರುಣಿಸಿದರೆ ಸಾಕು. ಮರುದಿನದಿಂದ ನಮ್ಮವರು ಕಂಡ ಕಂಡ ಕಡೆಯ ಮಣ್ಣು ತಂದು ಗಾಜಿನ ಬಾಟಲಿಗಳಲ್ಲಿ ನೀರು ಹಾಕಿ ಕಲಕಿ, ಮರಳೆಷ್ಟು ಜೇಡಿಯೆಷ್ಟು ಎಂದು ನೋಡತೊಡಗಿದರು. ನನ್ನ ಉಪ್ಪಿನಕಾಯಿಯ ಬಾಟಲಿಗಳೆಲ್ಲ ಕಿಟಕಿಯಲ್ಲಿ ಸಾಲಾಗಿ ನಿಂತವು. ಒಮ್ಮೆ ಅವಸರದಲ್ಲಿ ನಾನು ಹುಣಸೆ ರಸವೆಂದುಕೊಂಡು ಗುಡ್ಡದ ಕೆಂಪು ನೀರನ್ನೇ ಸಾರಿಗೆ ಸುರಿಯಲಿದ್ದೆ. ನಮ್ಮವರು ಓಡಿ ಬಂದು ತಡೆದರು. ಸಾರು ಉಳಿಸಲು ಅಲ್ಲ, ಮಣ್ಣು ಉಳಿಸಲು.

ಅತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದರು. ಒಂದು ದಿನ ಊಟದ ನಡುವೆ ಕೇಳಿದರು.

"ತಮ್ಮಾ, ಇದೆಲ್ಲಾ ಯಾತಕ್ಕ?"

"ಮನಿಗೆ, ಅವ್ವಾ. ಮಣ್ಣಿನ ಇಟ್ಟಂಗಿ."

ಅತ್ತೆ ಕೈ ತೊಳೆದುಬಿಟ್ಟರು. ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. "ಕಟ್ಟೂದಿದ್ರ ಕಟ್ಟ್ರಿ. ಮಣ್ಣಿನ ಮನಿಗೆ ನಾ ಬರಂಗಿಲ್ಲ. ಹತ್ತರಗಿ ಊರಾಗ ಮಗಳ ಮನಿ ಐತಿ, ಅಲ್ಲೆ ಇರ್ತೇನಿ."

ನನಗೆ ಅದು ಹಟವೆಂದೇ ಕಂಡಿತು. ಜನ ಏನೆಂದಾರು ಎಂಬ ಅಂಜಿಕೆ ಇದ್ದೀತು ಎಂದುಕೊಂಡೆ. ಮುಂದೊಂದು ಮಧ್ಯಾಹ್ನ ಇಬ್ಬರೂ ಜೋಳ ಹಸನು ಮಾಡುತ್ತ ಕೂತಿದ್ದಾಗ, ಮೊರದಿಂದ ಕಣ್ಣು ತೆಗೆಯದೆ ಅವರೇ ಹೇಳಿದರು. ಅವರ ತವರು ಮೂಡಲಗಿ. ಮೂವರು ಅಕ್ಕತಂಗಿಯರು: ಚೆನ್ನವ್ವ, ಗಂಗವ್ವ, ಎಲ್ಲರಿಗಿಂತ ಚಿಕ್ಕವಳು ನೀಲಾ.

"ಶ್ರಾವಣ ಇತ್ತ. ಜಿಟಿ ಜಿಟಿ ಹಿಡದ ಬಿಟ್ಟಿದ್ದಿಲ್ಲ. ಮೂರೂ ಮಂದಿ ಗ್ವಾಡಿ ಬಾಜೂ ಕುಂತ ಹುಣಸಿಬೀಜ ಆಡಾಕತ್ತಿದ್ದಿವಿ. ಗ್ವಾಡಿ ಸಪ್ಪಳಾನೂ ಮಾಡ್ಲಿಲ್ಲ, ಕುಂತಂಗ ಕುಂತಬಿಡ್ತ. ನಾ ಹೆಂಗ ಹೊರಗ ಬಂದ್ನಿ, ಇವತ್ತಿಗೂ ನೆನಪಿಲ್ಲ. ನೀಲಾ ಬರ್ಲಿಲ್ಲ."

ಆಮೇಲೆ ಒಂದು ಕಲ್ಲಿನ ಹರಳು ಆರಿಸಿ ಬದಿಗಿಟ್ಟು, "ಸ್ಲ್ಯಾಬಿನ ಮನ್ಯಾಗ ಒಂದೀಟ ದಿನಾ ಇರಬೇಕಂತ ಆಸೆ ಇತ್ತು ನನಗ," ಎಂದರು.

ನಮ್ಮವರಿಗೆ ತಾಯಿಯ ಈ ಕಥೆ ಗೊತ್ತೇ ಇರಲಿಲ್ಲ. ನಾನು ಹೇಳಿದಾಗ ಬಾಟಲಿಗಳನ್ನೆಲ್ಲ ತೊಳೆದು ನನಗೆ ಮರಳಿಸಿದರು. ಮನೆಯ ಮಾತು ನಿಂತೇ ಹೋಯಿತು. ಎಷ್ಟೋ ದಿನ ಅವರು ಶಾಲೆಯಿಂದ ಬಂದು ಸುಮ್ಮನೆ ಪೇಪರು ಹಿಡಿದು ಕೂರುತ್ತಿದ್ದರು. ಪುಟ ಮಗುಚುವುದು ಕೇಳಿಸುತ್ತಿರಲಿಲ್ಲ. ಕೊನೆಗೆ ಒಂದು ರವಿವಾರ ತಾಯಿಯ ಎದುರು ನೆಲದ ಮೇಲೆ ಕೂತರು.

"ಅವ್ವಾ, ಆ ಗ್ವಾಡಿ ಯಾಕ ಬಿತ್ತು?"

ಅತ್ತೆ ಮಗನ ಕಡೆ ತಿರುಗಿದರು. "ನನ್ನ ಯಾರೂ ಇದನ್ನ ಕೇಳೇ ಇಲ್ಲ," ಎಂದರು. "ಎಲ್ಲಾರೂ ಶಿವನ ಇಚ್ಛಾ ಅಂದರು."

ಮೂವರೂ ಮೂಡಲಗಿಯ ಬಸ್ಸು ಹತ್ತಿದೆವು. ಅತ್ತೆಯ ತವರುಮನೆ ಇದ್ದ ಜಾಗದಲ್ಲಿ ಈಗ ಬೇರೆಯವರ ದನದ ಕೊಟ್ಟಿಗೆ. ಎಮ್ಮೆಗಳ ನಡುವೆ ಸೀರೆಯ ನೆರಿಗೆ ಎತ್ತಿ ಹಿಡಿದು ಅತ್ತೆ ಓಡಾಡಿದರು. ಮನೆಯಲ್ಲಿ ನಾಲ್ಕು ಮಾತು ಆಡದವರು ಅಲ್ಲಿ ಒಂದೇ ಸಮ ಮಾತಾಡಿದರು. ಮಣ್ಣಿನ ಮಾಳಿಗೆಯ ಮೇಲಿನ ನೀರು ಇಲ್ಲಿ, ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಓಣಿಯ ನೀರೂ ಹರಿದು ಬಂದು ಇಲ್ಲೇ ನಿಲ್ಲುತ್ತಿತ್ತು. ಬುಡಕ್ಕೆ ಕಲ್ಲಿರಲಿಲ್ಲ, ನೆಲದಿಂದಲೇ ಮಣ್ಣು. ಮೇಲೆ ವರ್ಷ ವರ್ಷ ಮಣ್ಣು ಹೇರಿ ಮಾಳಿಗೆ ಭಾರವಾಗಿತ್ತು. ಅವರು ಬೆರಳು ತೋರಿಸಿದ ಕಡೆಯೆಲ್ಲ ನಮ್ಮವರು ನೋಡಿ, ಮುಟ್ಟಿ, ಹಾಳೆಯ ಮೇಲೆ ಗೆರೆ ಎಳೆದುಕೊಂಡರು. ಕೊಟ್ಟಿಗೆಯ ಒಡತಿ ಚಹಾ ತಂದವಳು, ಇವರೇನು ಜಾಗ ಕೊಳ್ಳಲು ಬಂದರೋ ಎಂದು ಅನುಮಾನದಿಂದಲೇ ನಿಂತಿದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಹೇಳಿದರು: "ಸೊಂಟದ ಮಟಾ ಕಲ್ಲು ಇರಬೇಕ. ಮಾಡು ಮುಂದ ಚಾಚಿರಬೇಕ. ಮ್ಯಾಲಿನ ನೀರು ಗ್ವಾಡಿ ಕಾಲಿಗೆ ಹತ್ತಬಾರದು. ಹಂಗ ಕಟ್ಟಿದ್ರ ನೋಡೋಣು."

ಹಾಗೆ ನಮ್ಮ ಮನೆಯ ನಕಾಶೆ ತಯಾರಾಯಿತು. ಇವತ್ತು ಬಂದವರು ಹೊಗಳುವ ಆ ಎತ್ತರದ ಗುಲಾಬಿ ಕಲ್ಲಿನ ಕಟ್ಟೆ, ಟೋಪಿಯ ಅಂಚಿನಂತೆ ಚಾಚಿದ ಹೆಂಚಿನ ಮಾಡು, ಸುತ್ತಲೂ ನೀರನ್ನು ಗಿಡಗಳ ಕಡೆ ಒಯ್ಯುವ ಕಲ್ಲಿನ ಕಾಲುವೆ, ಇವು ಯಾವುವೂ ಚಂದಕ್ಕೆಂದು ಹುಟ್ಟಿದವಲ್ಲ. ಒಬ್ಬ ಮುದುಕಿಯ ಅಂಜಿಕೆಗೆ ಹುಟ್ಟಿದವು. ಚಂದ ಆಮೇಲೆ ತಾನಾಗಿಯೇ ಬಂತು.

ಮೊದಲ ಇಟ್ಟಿಗೆ ಒಣಗಿದ ಮೇಲೆ ಅತ್ತೆ ಅದನ್ನು ಒಯ್ದು ಬಚ್ಚಲ ಪಕ್ಕದ ಬಕೆಟ್ಟಿನಲ್ಲಿ ಮುಳುಗಿಸಿಟ್ಟರು. ದಿನಾ ಸ್ನಾನಕ್ಕೆ ಮುಂಚೆ ಕೈ ಹಾಕಿ ಉಗುರಿನಿಂದ ಕೆರೆದು ನೋಡುವರು. ಶಾಲೆಗೆ ಹೊತ್ತಾಯಿತೆಂದು ನಾನು ಒದ್ದಾಡುತ್ತಿದ್ದರೆ ಒಳಗೆ ಪರೀಕ್ಷೆ ನಡೆದಿರುತ್ತಿತ್ತು. ಇಟ್ಟಿಗೆ ಕರಗಲಿಲ್ಲ. ನಮ್ಮವರ ಮುಖ ಅರಳಿತು. ಅತ್ತೆ ಮಾತ್ರ, "ಇನ್ನೊಂದೀಟ ದಿನಾ ಇರಲಿ," ಎಂದು ನೀರು ಬದಲಿಸಿದರು.

ಇವತ್ತು ಎಣ್ಣೆ ತಿಕ್ಕಿದ ಬಾಗಿಲಿನ ವಿಷಯ ಹೇಳಬೇಕು. ಹುಕ್ಕೇರಿಯಲ್ಲಿ ಒಂದು ಜೈನ ಮನೆತನದವರು ತಮ್ಮ ಹಳೆಯ ದೊಡ್ಡ ವಾಡೆಯ ಮನೆ ಕೆಡವುತ್ತಿದ್ದಾರೆ, ಕಟ್ಟಿಗೆ ಸಾಮಾನು ಕೊಡುತ್ತಾರಂತೆ ಎಂದು ಸುದ್ದಿ ಬಂತು. ಹೋದೆವು. ಹೆಂಚಿನ ರಾಶಿ, ತೊಲೆ, ಕಂಬಗಳ ನಡುವೆ ಕುರ್ಚಿ ಹಾಕಿಕೊಂಡು ಮನೆಯ ಹಿರಿಯ ಅಜ್ಜಿ ಕೂತಿದ್ದರು. ಮಕ್ಕಳ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. ನನ್ನ ಕಣ್ಣು ಈ ಬಾಗಿಲಿನ ಮೇಲೆ ನಿಂತದ್ದನ್ನು ಅವರು ಗಮನಿಸಿದರು.

"ಒಯ್ಯಿರಿ," ಎಂದರು. "ಆದ್ರ ಒಂದ ಮಾತ. ಈ ಬಾಗಲಾ ಹಗಲೊತ್ತು ಯಾವತ್ತೂ ಮುಚ್ಚಿಲ್ಲ. ನೀವೂ ಮುಚ್ಚಬ್ಯಾಡ್ರಿ."

ಅತ್ತೆ ಆ ಅಜ್ಜಿಯ ಪಕ್ಕದಲ್ಲೇ ಕೂತು, ವಾಡೆಯ ಗೋಡೆ ಎಷ್ಟು ದಪ್ಪ, ಬುಡಕ್ಕೆ ಏನಿತ್ತು ಎಂದು ವಿಚಾರಿಸತೊಡಗಿದರು. ಹೆಂಚು, ಬಾಗಿಲು, ಕಿಟಕಿ ಎಲ್ಲ ಅಲ್ಲಿಂದಲೇ ಬಂದವು. ಮನೆಯ ಮೈ ಹೊಸದು, ಕಣ್ಣು ಮೂಗು ಹಳೆಯವು.

ಮನೆ ಮುಗಿಯಿತು. ಒಳಗೆ ಸುಣ್ಣ, ನೆಲಕ್ಕೆ ಕೆಂಪು ಗಾರೆ, ಹೊರಗೆ ಇಟ್ಟಿಗೆಯದೇ ಬಣ್ಣ. ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನ ಫ್ಯಾನಿಲ್ಲದೆ ನಿದ್ದೆ ಹೋಗಿ, ಎದ್ದ ಮೇಲೆ ಎಲ್ಲಿದ್ದೇನೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಅತ್ತೆಯೂ ಬಂದರು. ಅಡುಗೆಮನೆಯಲ್ಲಿ ಒಲೆಯ ಜಾಗ ತಾವೇ ಆರಿಸಿದರು, ಹಿತ್ತಲಲ್ಲಿ ನುಗ್ಗೆಯ ಸಸಿ ನೆಟ್ಟರು. ಎಲ್ಲ ಸರಿಹೋಯಿತೆಂದೇ ನಾವು ತಿಳಿದೆವು.

ಮೊದಲ ಮಳೆಯ ದಿನ, ಹನಿ ಬೀಳುವ ಮುಂಚೆಯೇ, ಅತ್ತೆ ಛತ್ರಿ ತೆಗೆದುಕೊಂಡು ಹೊರಟರು. ಎದುರಿಗೆ ಹೊಸದಾಗಿ ಸ್ಲ್ಯಾಬಿನ ಮನೆ ಕಟ್ಟಿಸಿದ ಶಾಂತಕ್ಕನ ಪಡಸಾಲೆಯಲ್ಲಿ ಹೋಗಿ ಕೂತರು. ಮಳೆ ನಿಂತ ಮೇಲೆ ಬಂದು ರೊಟ್ಟಿ ಬಡಿದರು. ಅದರ ಬಗ್ಗೆ ಒಂದು ಮಾತಿಲ್ಲ. ಆಮೇಲೆ ಅದೇ ರೂಢಿಯಾಯಿತು. ಮೋಡ ಕಟ್ಟಿದರೆ ಶಾಂತಕ್ಕ ಚಹಾಕ್ಕೆ ನೀರು ಹೆಚ್ಚು ಇಡುತ್ತಿದ್ದಳು. ಮಗ ಕಟ್ಟಿದ ಮನೆಯನ್ನು ಮಗನ ತಾಯಿಯೇ ನಂಬುವುದಿಲ್ಲ ಎಂದು ಓಣಿಯವರು ನಕ್ಕರು. ನನಗೆ ಅವಮಾನವೆನಿಸುತ್ತಿತ್ತು. ನಮ್ಮವರು ಮಾತ್ರ, "ಇರ್ಲಿ ಬಿಡ. ಆಕಿಗೆ ಗೊತ್ತಿದ್ದದ್ದು ಆಕಿ ಕಾಲಿಗೆ ಗೊತ್ತಿಲ್ಲ," ಎನ್ನುತ್ತಿದ್ದರು. ಹಾಗೆಂದು ಅಂಗಳದಲ್ಲಿ ನಿಂತು ತಾಯಿ ರಸ್ತೆ ದಾಟುವುದನ್ನು ನೋಡುತ್ತಿದ್ದರು. ಆಗ ಅವರ ಮುಖವನ್ನು ನಾನು ನೋಡುತ್ತಿರಲಿಲ್ಲ.

ಹೀಗೆ ಕೆಲವು ಮಳೆಗಾಲ ಕಳೆದವು. ಆಮೇಲಿನ ಒಂದು ವರ್ಷ, ಮೇಲೆ ಘಟ್ಟದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಘಟಪ್ರಭೆ ದಂಡೆ ಮೀರಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿತು. ಅತ್ತೆಯ ಅಕ್ಕ ಚೆನ್ನವ್ವ ಮಗನ ಸಂಗಡ ಹೊಳೆಯ ಬದಿಯಲ್ಲೇ ಇದ್ದರು. ಅವತ್ತು ಬೆಳಿಗ್ಗೆ ಮತ್ತೆ ಮೋಡ ಕವಿದು, ಅತ್ತೆ ಛತ್ರಿ ಬಿಡಿಸಿ ಗೇಟಿನವರೆಗೆ ಹೋಗಿದ್ದರು. ಅಷ್ಟರಲ್ಲಿ ಆಟೋ ಬಂದು ನಿಂತಿತು. ಚೆನ್ನವ್ವನ ಮಗ ತಾಯಿಯನ್ನು ಇಳಿಸಿ, ಒಂದು ಗಂಟು ಕೈಗಿತ್ತು, "ಚಿಗವ್ವಾ, ಮನ್ಯಾಗ ನೀರ ಬಂದಾವ. ಅವ್ವನ್ನ ನೋಡ್ಕೋ," ಎಂದು ಉಳಿದ ಸಾಮಾನು ಸಾಗಿಸಲು ಅದೇ ಆಟೋದಲ್ಲಿ ಹೋದ.

ಚೆನ್ನವ್ವನ ಸೀರೆ ಮೊಣಕಾಲವರೆಗೆ ತೊಯ್ದಿತ್ತು. ಅವರು ಮನೆಯನ್ನು ನೋಡಿ ಅಂಗಳದಲ್ಲೇ ನಿಂತರು. "ಗಂಗೀ, ಇದು ಮಣ್ಣಿನ ಮನಿ ಅಂತಲ್ಲ?"

ಮಳೆ ಜೋರಾಯಿತು. ಅತ್ತೆ ಒಮ್ಮೆ ಎದುರಿನ ಶಾಂತಕ್ಕನ ಮನೆಯ ಕಡೆ ನೋಡಿದರು, ಒಮ್ಮೆ ಅಕ್ಕನ ಕಡೆ. ನಾನು ಬಾಗಿಲಲ್ಲಿ ನಿಂತಿದ್ದೆ. ಈಗ ಇಬ್ಬರೂ ಕೂಡಿ ರಸ್ತೆ ದಾಟುತ್ತಾರೆ ಎಂದೇ ನನ್ನ ಲೆಕ್ಕ.

"ಹೌದಕ್ಕಾ, ಮಣ್ಣಿಂದ," ಎಂದರು ಅತ್ತೆ. "ಬಾ ಇಲ್ಲೆ, ತೋರಸ್ತೇನಿ."

ಅಕ್ಕನ ಕೈ ಹಿಡಿದು ಮಾಡಿನ ಕೆಳಗೆ ಕರೆತಂದು, ಮನೆಯ ಸುತ್ತ ನಿಧಾನವಾಗಿ ನಡೆಸಿದರು. ನಾನು ಹಿಂದೆ ಹಿಂದೆ ಹೋದೆ. "ನೋಡು, ನೀರು ಎಲ್ಲಿ ಬೀಳಾಕತ್ತೈತಿ. ಗ್ವಾಡಿ ಕಾಲಿಗೆ ಹತ್ತೈತೇನ? ಇದು ಕಲ್ಲು, ನನ್ನ ಸೊಂಟಕ್ಕ ಬರತೈತಿ. ಕೈ ಇಟ್ಟ ನೋಡು, ಒಣಾ ಐತಿ. ನಮ್ಮ ಮನ್ಯಾಗ ಹಿಂಗ ಇದ್ದಿದ್ದಿಲ್ಲ."

ಚೆನ್ನವ್ವ ಗೋಡೆಯ ಮೇಲೆ ಅಂಗೈ ಇಟ್ಟರು, ತೆಗೆಯಲಿಲ್ಲ.

"ಅವತ್ತ ನಿನ್ನ ನಾನ ಎಳದ್ನಿ, ಗಂಗೀ," ಎಂದರು. "ಇನ್ನೊಂದ ಕೈ ನೀಲಾನ ಕಡೆ ಚಾಚಿದ್ನಿ. ಸಿಗ್ಲಿಲ್ಲ. ಆಕಿ ಕೈ ಬಿಟ್ಟಿ ಅಂತ ಯಾರರ ಅಂದಾರು ಅಂತ ಯಾರಿಗೂ ಹೇಳ್ಲಿಲ್ಲ."

ಅತ್ತೆ ಅಕ್ಕನ ತೊಯ್ದ ಸೆರಗನ್ನು ಹಿಂಡುತ್ತ ನಿಂತರು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದರು.

"ನೀನೂ ಸಣ್ಣಾಕಿನ ಇದ್ದಿ ಅಕ್ಕಾ," ಎಂದರು ಕೊನೆಗೆ. "ನಡಿ ಒಳಗ. ಸೀರಿ ಬದಲ ಮಾಡು, ಥಂಡಿ ಹತ್ತತೈತಿ."

ನಾನು ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕ ಮಾಡಿದೆ. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಉಂಡು, ನಡುಮನೆಯಲ್ಲಿ ಗೋಡೆಗೆ ಹತ್ತಿಕೊಂಡೇ ಚಾಪೆ ಹಾಸಿ ಮಲಗಿದರು. ಹೊರಗೆ ಮಳೆ ಹೆಂಚಿನ ಮೇಲೆ ಸುರಿಯುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಶಾಂತಕ್ಕ ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು ಓಡಿ ಬಂದಳು.

"ಗಂಗವ್ವಾರು ಬರ್ಲಿಲ್ರಿ? ಚಹಾ ಆರಾಕತ್ತೈತಿ."

ನಮ್ಮವರು ಒಳಗೆ ಬೆರಳು ತೋರಿಸಿದರು. ಅಕ್ಕತಂಗಿಯರಿಬ್ಬರೂ ಗೊರಕೆ ಹೊಡೆಯುತ್ತಿದ್ದರು. ಅತ್ತೆಯದು ಸ್ವಲ್ಪ ಜೋರು. "ಮಲಗ್ಯಾರ," ಎಂದರು ನಮ್ಮವರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತ ಹಿತ್ತಲಿಗೆ ನಡೆದರು. ಶಾಂತಕ್ಕ ಮತ್ತೆ ಓಡಿ ಹೋಗಿ ಚಹಾವನ್ನು ಇಲ್ಲಿಗೇ ತಂದಳು.

ಅತ್ತೆ ಮುಂದೆ ಎಷ್ಟೋ ಮಳೆಗಾಲ ಇದೇ ಮನೆಯಲ್ಲಿ, ಅದೇ ಗೋಡೆಯ ಪಕ್ಕ, ಮಧ್ಯಾಹ್ನದ ನಿದ್ದೆ ಮಾಡಿದರು. ಈಗಿಲ್ಲ; ವಯಸ್ಸಾಗಿ, ನೆಮ್ಮದಿಯಿಂದಲೇ ಹೋದರು. ನಾನು ಇಷ್ಟು ಬರೆಯುವಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಎದ್ದಿದೆ, ಮೋಡ ಕಪ್ಪಾಗಿದೆ. ತಂತಿಯ ಮೇಲೆ ಬಟ್ಟೆಗಳಿವೆ, ತರಬೇಕು. ಅದೊಂದೇ ಚಿಂತೆ.