ಚೀಲಕ್ಕೆ ಹಾಕದ ಅಡಿಕೆ

ನಮ್ಮ ಕ್ಲಬ್ಬಿನ ಚೀಲ ಹೊಲಿದವಳು ನಾನೇ. ಕಪ್ಪು ಬಟ್ಟೆ, ಮೊಣಕೈವರೆಗೆ ಆಳ, ಬಾಯಿ ಒಂದು ಕೈ ಹೋಗುವಷ್ಟೇ ಅಗಲ. ಹೊರಗಿನಿಂದ ಯಾರಿಗೂ ಏನೂ ಕಾಣಬಾರದು, ಒಳಗೆ ಏನು ಇಟ್ಟರೂ ಸದ್ದಾಗಬಾರದು ಅಂತ ದಪ್ಪ ಲೈನಿಂಗ್ ಕೊಟ್ಟಿದ್ದೆ.

ಕೊಪ್ಪದಲ್ಲಿ ಹೆಂಗಸರೇ ಸೇರಿ ಕಟ್ಟಿಕೊಂಡ ಸೇವಾ ಕ್ಲಬ್ಬು ಅದು. ಊರಿಗೆ ಮೊಬೈಲು ಬಂದ ಹೊಸತು. ಡಾಕ್ಟರ ಹೆಂಡತಿ ಅಧ್ಯಕ್ಷೆ, ಉಳಿದವರು ತೋಟದ ಮನೆಯವರು, ಟೀಚರುಗಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಸ್‌ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುತ್ತಿದ್ದವಳು ನಾನೊಬ್ಬಳೇ. ಅಳತೆ ಕೊಡಲು ಬಂದ ಅಧ್ಯಕ್ಷೆಯೇ ನನ್ನನ್ನು ಸೇರಿಸಿದ್ದು. "ಓದಿದವರು ಬೇಕಾದಷ್ಟು ಇದಾರೆ ಮಾರಾಯ್ತಿ, ಹೇಳಿದ ಹೊತ್ತಿಗೆ ಬರೋರು ಬೇಕು" ಅಂದಿದ್ದರು.

ನಾನು ಹೇಳಿದ ಹೊತ್ತಿಗೆ ಬರುತ್ತಿದ್ದೆ. ಎರಡನೇ ಶನಿವಾರ ಮೂರು ಗಂಟೆಗೆ ಮೀಟಿಂಗು, ಎರಡೂವರೆಗೇ ಹೋಗಿ ಚಾಪೆ ಹಾಸುತ್ತಿದ್ದೆ. ಆಸ್ಪತ್ರೆಯಿಂದ ರಕ್ತ ಬೇಕು ಅಂತ ಕರೆ ಬಂದರೆ ಮೆಷಿನ್ ನಿಲ್ಲಿಸಿ ಓಡುತ್ತಿದ್ದೆ. ಕಣ್ಣಿನ ಶಿಬಿರದಲ್ಲಿ ಮುದುಕರ ಕೈ ಹಿಡಿದು ಕರೆದುಕೊಂಡು ಹೋಗುವ ಕೆಲಸ ನನ್ನದು. ಸದಸ್ಯರಿಂದ ಕ್ಲಬ್ಬು ಕೇಳುತ್ತಿದ್ದುದು ಇಂಥವನ್ನೇ. ಆದರೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು ಒಂದಿತ್ತು: ಚೀಲಕ್ಕೆ ಯಾರು ಏನು ಹಾಕಿದರು ಅಂತ ಯಾರೂ ಆಡಬಾರದು.

ಹೊಸಬರು ಸೇರಬೇಕಾದರೆ ಪ್ರತಿಯೊಬ್ಬರ ಕೈಗೂ ಒಂದು ಅಡಿಕೆ, ಒಂದು ಕಾಫಿ ಬೀಜ ಕೊಡುತ್ತಿದ್ದರು. ಚೀಲ ಒಬ್ಬರಿಂದ ಒಬ್ಬರಿಗೆ ಬರುತ್ತಿತ್ತು. ಕೈಯನ್ನು ತಳದವರೆಗೆ ಇಳಿಸಿ, ಒಪ್ಪಿಗೆಯಾದರೆ ಅಡಿಕೆ ಇಡಬೇಕು, ಬೇಡವಾದರೆ ಕಾಫಿ ಬೀಜ. ಉಳಿದದ್ದನ್ನು ಮುಷ್ಟಿಯಲ್ಲೇ ಮನೆಗೆ ಒಯ್ಯಬೇಕು. ಒಂದೇ ಒಂದು ಬೀಜ ಸಿಕ್ಕರೂ ಆ ಹೆಸರು ಅಲ್ಲಿಗೆ ಮುಗಿಯಿತು. ಯಾರು ಇಟ್ಟರು ಅಂತ ಕೇಳುವಂತಿಲ್ಲ, ಹೇಳುವಂತಿಲ್ಲ.

ನನ್ನ ತಂಗಿ ಹತ್ತಿರದ ನಾರ್ವೆ ಊರಿನ ಶಾಲೆಯಲ್ಲಿ ಟೀಚರು. ಅಮ್ಮ ಹಾಸಿಗೆ ಹಿಡಿದಾಗ ಮನೆ ನೋಡಿಕೊಳ್ಳಲು ಒಬ್ಬಳು ಶಾಲೆ ಬಿಡಬೇಕಾಯಿತು. ದೊಡ್ಡವಳು ಅಂತ ನಾನು ಬಿಟ್ಟೆ. ಅದರಲ್ಲಿ ಅವಳದ್ದು ಏನೂ ತಪ್ಪಿಲ್ಲ. ಅವಳ ಗಂಡನ ಕೆಲಸ ಹೊರಊರಲ್ಲಿ, ಶನಿವಾರ ಬಂದು ಸೋಮವಾರ ಹೋಗುವವರು. ಮಕ್ಕಳಿರಲಿಲ್ಲ. ಸಂಜೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಗುಂಡಿಗಳಿಗೆ ಕಾಜಾ ಹಾಕಿಕೊಡುತ್ತಿದ್ದಳು.

"ನನ್ನನ್ನೂ ಸೇರಿಸ್ಕೊಳ್ಳೇ ಅಕ್ಕ. ಶಾಲೆ ಬಿಟ್ಟರೆ ಗೋಡೆ ನೋಡ್ತಾ ಕೂರೋದಾಗಿದೆ ನಂಗೆ."

"ಸದಸ್ಯರೊಬ್ಬರು ಹೆಸರು ಹೇಳ್ಬೇಕು, ನಾನು ಹೇಳಂಗಿಲ್ಲ. ಒಡಹುಟ್ಟಿದವರು ಹೇಳಬಾರದು ಅಂತಿದೆ" ಅಂದೆ. ಅದು ನಿಜವೇ.

ಅವಳ ಶಾಲೆಯ ಹಿರಿಯ ಟೀಚರೊಬ್ಬರು ಕ್ಲಬ್ಬಿನಲ್ಲಿದ್ದರು. ದಿನಾ ಒಂದೇ ಬಸ್ಸು, ಒಂದೇ ಸೀಟು. ಒಬ್ಬರ ಬುತ್ತಿಯಲ್ಲಿ ಒಬ್ಬರು ಕೈಹಾಕುವಷ್ಟು ಸಲುಗೆ. ಅವರೇ ತಂಗಿಯ ಹೆಸರು ಹೇಳಿದರು.

ಚೀಲ ತಿರುಗುವ ಮೊದಲಿನ ವಾರ ಮೇಗುಂದದಲ್ಲಿ ಕಣ್ಣಿನ ಶಿಬಿರ. ತಂಗಿಯೂ ಸಹಾಯಕ್ಕೆ ಬಂದಳು. ಬಂದವಳೇ ಪುಸ್ತಕ ಎಳೆದುಕೊಂಡು ಎಲ್ಲರ ಹೆಸರು ಬರೆದಳು, ಸಾಲು ನಿಲ್ಲಿಸಿದಳು, ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮುದುಕರಿಗೆ ತಿಳಿಯುವ ಹಾಗೆ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬಾಯಲ್ಲೂ ಟೀಚರಮ್ಮ, ಟೀಚರಮ್ಮ. ನಾನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ ಅಜ್ಜ ಕೇಳಿದರು, "ನೀನು ಯಾರಮ್ಮ, ಟೀಚರಮ್ಮನ ಅಕ್ಕನಾ?"

ಅಷ್ಟೇ. ಬೇರೆ ಏನೂ ನಡೆಯಲಿಲ್ಲ. ನೆಂಟರ ಮನೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲ ಕಡೆ ನಾನು ಟೀಚರಮ್ಮನ ಅಕ್ಕನೇ. ಆ ಮೀಟಿಂಗಿನ ಕೋಣೆಯಲ್ಲಿ ಮಾತ್ರ ಆಗಿರಲಿಲ್ಲ.

ಶನಿವಾರ ಬಂತು. ಅಧ್ಯಕ್ಷೆ ಚೀಲ ಎತ್ತಿಕೊಂಡು, "ಈ ಸಲ ಹೊಲಿದವರಿಂದಲೇ ಶುರುವಾಗಲಿ. ಹೊಲಿಗೆ ಬಿಟ್ಟಿದ್ರೆ ಅವರ ಕೈಗೇ ಗೊತ್ತಾಗ್ಲಿ!" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಕೈ ಇಳಿಸಿ ಕಾಫಿ ಬೀಜ ಇಟ್ಟೆ. ಚೀಲವನ್ನು ಪಕ್ಕದಲ್ಲಿ ಕೂತಿದ್ದ ಹಿರಿಯ ಟೀಚರಿಗೆ ದಾಟಿಸಿದೆ.

ಕೊನೆಗೆ ಚೀಲ ಬೋರಲು ಹಾಕಿದಾಗ ಅಡಿಕೆಗಳ ನಡುವೆ ಆ ಒಂದು ಬೀಜ. ಅಧ್ಯಕ್ಷೆ, "ಆಯ್ತು, ಟೀ ತಗೊಳ್ಳಿ" ಅಂದರು.

ಸೋಮವಾರ ಸಂಜೆ ತಂಗಿ ಅಂಗಡಿಗೆ ಬಂದಳು. ಕಣ್ಣು ಊದಿಕೊಂಡಿತ್ತು.

"ಅಧ್ಯಕ್ಷೆ ಹೇಳಿದ್ರು, ಬೇಡ ಅಂದವರು ಒಬ್ಬರಂತೆ ಅಕ್ಕ. ಬರೀ ಒಬ್ಬರು. ಯಾರಿಗೆ ಎಂತ ಮಾಡಿದ್ದೆ ನಾನು?"

"ಹೇಳಬಾರದು ಅಂತ ನಿಯಮ ಮಾರಾಯ್ತಿ."

"ನಿಂಗೆ ಗೊತ್ತಿದೆ, ಹಾಗಾದ್ರೆ." ಸ್ಟೂಲು ಹತ್ತಿರ ಎಳೆದುಕೊಂಡಳು. "ಇವತ್ತು ಬಸ್ಸಲ್ಲಿ ಟೀಚರು ನನ್ನ ಮುಖವನ್ನೇ ನೋಡ್ಲಿಲ್ಲ. ಹೆಸರು ಹೇಳಿದವರೇ ಬೀಜ ಹಾಕಿದ್ರಾ ಅಕ್ಕ?"

ನಾನು ಗುಂಡಿ ಹೊಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಅಲ್ಲ ಅನ್ನಲು ಒಂದು ಉಸಿರು ಸಾಕಿತ್ತು. ನಾನು ದಾರ ಕಚ್ಚಿ ತುಂಡು ಮಾಡಿ ಇನ್ನೊಂದು ಗುಂಡಿ ತೆಗೆದುಕೊಂಡೆ. ಅವಳು ಅದನ್ನೇ ಹೌದು ಅಂತ ತಿಳಿದುಕೊಂಡಳು. ತಿಳಿದುಕೊಳ್ಳಲಿ ಅಂತಲೇ ನಾನು ಸುಮ್ಮನಿದ್ದದ್ದು.

ಮರುದಿನದಿಂದ ಅವಳು ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. ಸ್ಟಾಫ್ ರೂಮಿನಲ್ಲಿ ಬೆನ್ನು ಹಾಕಿ ಕೂರುತ್ತಿದ್ದಳಂತೆ. ವರ್ಷ ಕಳೆಯುವುದರೊಳಗೆ ಮೆಣಸೆ ಶಾಲೆಗೆ ವರ್ಗ ಕೇಳಿ ತೆಗೆದುಕೊಂಡು ಪಕ್ಕದ ಶೃಂಗೇರಿಯಲ್ಲಿ ಮನೆ ಮಾಡಿದಳು. ಹಿರಿಯ ಟೀಚರೂ ಕ್ಲಬ್ಬು ಬಿಟ್ಟರು. ನಿವೃತ್ತಿಯಾದ ಮೇಲೆ ನರಸಿಂಹರಾಜಪುರದ ಸ್ವಂತ ಮನೆಗೆ ಹೋದರು. ನಾನು ಮಾತ್ರ ಒಂದು ಮೀಟಿಂಗೂ ತಪ್ಪಿಸಲಿಲ್ಲ. ಒಂದು ವರ್ಷ ಒಳ್ಳೆಯ ಸದಸ್ಯೆ ಅಂತ ಶಾಲು ಹೊದಿಸಿದರು. ತಂಗಿ ಶೃಂಗೇರಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಆರೇಳು ವರ್ಷ ಹೀಗೇ ಹೋಯಿತು. ಅಷ್ಟರಲ್ಲಿ ತಂಗಿ ಶೃಂಗೇರಿಯಲ್ಲಿ ತಾನೇ ಹತ್ತು ಜನ ಹೆಂಗಸರನ್ನು ಸೇರಿಸಿ ಒಂದು ಕ್ಲಬ್ಬು ಮಾಡಿದಳು. ಒಂದು ದಿನ ಫೋನು ಬಂತು.

"ಅಕ್ಕ, ನಮಗೂ ಅಂಥದೇ ಒಂದು ಚೀಲ ಹೊಲಿದುಕೊಡೇ. ನಿನ್ನ ಕೈಯದ್ದೇ ಆಗ್ಬೇಕು."

ಬಟ್ಟೆ ಕತ್ತರಿಸಿದೆ, ಹೊಲಿದೆ. ಕೊನೆಯ ಹೊಲಿಗೆಗೆ ದಾರ ಹುಡುಕಲು ಗುಂಡಿಯ ಡಬ್ಬಿಗೆ ಕೈ ಹಾಕಿದಾಗ ತಳದಲ್ಲಿ ಆ ಅಡಿಕೆ ಸಿಕ್ಕಿತು. ಅವತ್ತು ಮುಷ್ಟಿಯಲ್ಲಿ ಮನೆಗೆ ತಂದದ್ದು. ಬಿಸಾಡಲು ಧೈರ್ಯವಾಗದೆ ಅಲ್ಲಿ ಹಾಕಿದ್ದೆ.

ಮೊದಲು ನರಸಿಂಹರಾಜಪುರದ ಬಸ್ಸು ಹತ್ತಿದೆ. ತಂಗಿಗಿಂತ ಹಿರಿಯ ಟೀಚರಿಗೆ ಹೇಳುವುದು ಸುಲಭ ಅನ್ನಿಸಿತ್ತು. ಅವರು ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ನಾನು ನಿಂತುಕೊಂಡೇ ಹೇಳಿಬಿಟ್ಟೆ. ಅವರು ಕೈ ನಿಲ್ಲಿಸಲಿಲ್ಲ.

"ಗೊತ್ತು ಮಾರಾಯ್ರೆ. ನಿಮ್ಮ ನಂತರ ಕೈ ಹಾಕಿದವಳು ನಾನಲ್ವಾ? ಚೀಲದಲ್ಲಿ ಇದ್ದದ್ದು ಒಂದೇ. ಅಡಿಕೆಗೂ ಕಾಫಿ ಬೀಜಕ್ಕೂ ವ್ಯತ್ಯಾಸ ಗೊತ್ತಾಗದ ಬೆರಳಾ ಇದು?"

ಅದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾನೇ ಹೊಲಿದ ಚೀಲ, ಮೊದಲ ಕೈ ನನ್ನದೇ.

"ಹೇಳ್ಲಿಲ್ವಲ್ಲ ಟೀಚರ್, ನೀವು."

"ಹೇಳಬಾರದು ಅಂತ ಅಲ್ವಾ ಇದ್ದದ್ದು? ಎರಡು ದಿನ ಅವಳ ಮುಖ ನೋಡೋಕೆ ಆಗ್ಲಿಲ್ಲ ನಂಗೆ. ನೋಡಿದ್ರೆ ಬಾಯಿಗೆ ಬಂದುಬಿಡ್ತಿತ್ತು. ನೀವೇ ಹೇಳ್ತೀರಿ ಅಂದ್ಕೊಂಡೆ. ಸ್ವಂತ ಅಕ್ಕ ಅಲ್ವಾ." ದಾರ ಎಳೆದು ಗಂಟು ಹಾಕಿದರು. "ಅವಳು ನನ್ನನ್ನ ಒಂದು ಮಾತೂ ಕೇಳ್ಲಿಲ್ಲ. ಅದು ಇನ್ನೂ ನೋವು. ಕಾಫಿ ಕುಡೀತೀರಾ?"

ಕುಡಿಯಲಿಲ್ಲ.

ಮರುದಿನ ಶೃಂಗೇರಿಗೆ ಹೋದೆ. ತಂಗಿ ಚೀಲ ತೆಗೆದುಕೊಂಡು ಒಳಗೆ ಕೈ ಇಳಿಸಿ, "ಎಷ್ಟು ಮೆತ್ತಗಿದೆ ನೋಡು!" ಅಂತ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಬೆರಳಿಗೆ ಅಡಿಕೆ ತಾಗಿತ್ತು. ಹೊರಗೆ ತೆಗೆದು ನೋಡಿದಳು.

"ಅವತ್ತು ನಾನು ಹಾಕದೆ ಉಳಿಸಿಕೊಂಡದ್ದು" ಅಂದೆ.

ಅಡಿಕೆಯನ್ನು ಅಂಗೈಯಲ್ಲಿ ತಿರುಗಿಸಿದಳು. ಅಳಲಿಲ್ಲ, ಬೈಯಲಿಲ್ಲ.

"ಬೀಜ ಹಾಕಿದ್ದು ಹೋಗ್ಲಿ" ಅಂದಳು. "ನಾನು ಅವರ ಹೆಸರು ಹೇಳ್ದಾಗ ನೀನು ಗುಂಡಿ ಹೊಲೀತಾ ಕೂತಿದ್ದೆ. ಎಂಟು ವರ್ಷ ಒಂದೇ ಸೀಟಲ್ಲಿ ಕೂತವರನ್ನ ನಿನ್ನ ಮಾತು ನಂಬಿ ಬಿಟ್ಟೆ. ಮಾತು ಸಹ ಅಲ್ಲ, ನೀನು ಮಾತೇ ಆಡ್ಲಿಲ್ಲ."

ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು. ಅಡಿಕೆಯನ್ನು ಪರ್ಸಿಗೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕಿದಳು. ಚೀಲ ನನ್ನ ಕೈಗೇ ವಾಪಸು ಬಂತು.

ಬಸ್ಸು ಒಂದೇ. ಅವಳು ಮುಂದೆ, ಕಿಟಕಿಯ ಪಕ್ಕ ಕೂತಳು. ಬದಿಯ ಸೀಟಿನ ಮೇಲೆ ಪರ್ಸು ಇಟ್ಟಳು. ನಾನು ಹಿಂದೆ ಕೂತೆ. ಕೊಪ್ಪ ಬಂದಾಗ ಇಳಿದು, ಅವಳ ಕಿಟಕಿಯ ಕೆಳಗೆ ಹೋಗಿ ನಿಂತೆ. ಅವಳು ಕಂಡಕ್ಟರನ್ನು ಕರೆದು ನರಸಿಂಹರಾಜಪುರಕ್ಕೆ ಎಷ್ಟು ಹೊತ್ತಾಗುತ್ತದೆ ಅಂತ ಕೇಳುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಬಸ್ಸು ಹೊರಟಿತು.